ಎಡಗಾಲಿನ ಗೆಜ್ಜೆ

ದೇವರು ಕೆಲವು ಮಕ್ಕಳಿಗೆ ಮಾತು ಕೊಡೋದು ಮರೀತಾನ, ಆದ್ರ ಆ ಮಕ್ಕಳನ್ನ ಮರಿಯಂಗಿಲ್ಲ ಎಂದು ನೆಲೋಗಿಯ ಖಾಸೀಂಬಿ ಅನ್ನುತ್ತಿದ್ದಳು. ಆ ನಂಬಿಕೆಯ ಮೇಲೆಯೇ ಹಳೆಯ ಚಾವಡಿಯ ಕೋಣೆಯಲ್ಲಿ ಹನ್ನೊಂದು ವರ್ಷ ಕೂಸುಗಳನ್ನು ಕೂಡಿಸಿಕೊಂಡು ಕಲಿಸಿದ್ದಳು. ಕಿವಿ ಕೇಳದವು, ನಾಲ್ಕು ತುಂಬಿದರೂ ನಡೆಯದವು, ಹೆಸರು ಕರೆದರೆ ತಿರುಗದವು. ಕೂಸಿನ ಅಂಗೈಯನ್ನು ತನ್ನ ಗಂಟಲ ಮೇಲಿಟ್ಟು 'ಅವ್ವಾ' ಅನ್ನುವಳು. ಆ ನಡುಕ ಕೈಗೆ ಹತ್ತಿದ ಮೇಲೆ ಒಂದಿಲ್ಲೊಂದು ದಿನ ಕೂಸಿನ ಬಾಯಿಯೂ ತೆರೆಯುತ್ತಿತ್ತು.

ತೊಂಬತ್ತಾರರ ಜೂನಿನಲ್ಲಿ, ಮಿರಗದ ಮಳೆ ಹಿಡಿಯುವ ಹೊತ್ತಿಗೆ, ಆ ಕೋಣೆ ನಡೆಸುತ್ತಿದ್ದ ಸಂಸ್ಥೆಯ ಕಾರ್ಯದರ್ಶಿ ದೌಲತರಾಯರು ಜೇವರ್ಗಿಯ ಬಸ್ಸಿಳಿದು ಬಂದರು.

"ದಿಲ್ಲಿಯಿಂದ ಕಾಯ್ದೆ ಬಂದದ, ಅವ್ವಾ. ಇಂಥ ಮಕ್ಕಳಿಗೆ ಕಲಿಸೋರು ತರಬೇತಿ ಪಾಸಾಗಿರಬೇಕು, ಹೆಸರು ರಜಿಸ್ಟರಿನಾಗ ಇರಬೇಕು. ನಿಮ್ಮತ್ರ ಸರ್ಟಿಫಿಕೇಟ್ ಏನರ ಅದ ಏನು?"

"ನಿಕಾಹದ್ದು ಒಂದದ, ಗಂಡ ಸತ್ತದ್ದು ಒಂದದ. ಯಾವುದು ಬೇಕ್ರಿ ಸಾಹೇಬ್ರ?"

ರಾಯರು ನಕ್ಕರು. ನಗು ಬೇಗ ಆರಿತು.

"ನೀವು ಸಾಲಿ ಓದಿದ್ದು ನಾಕನೇ ಇಯತ್ತಾ ತನಕ. ತರಬೇತಿಗೂ ತೊಗೊಳ್ಳಂಗಿಲ್ಲ. ಸೋಮವಾರದಿಂದ ಪ್ರಮಿಲಾಬಾಯಿ ಬರ್ತಾರ, ಹೈದರಾಬಾದಿನಾಗ ಕಲಿತವರು. ಪಾಠದ ಹೊತ್ತಿನಾಗ ನೀವು ಹೊಸ್ತಿಲ ದಾಟಬ್ಯಾಡ್ರಿ. ತಪಾಸಣಿದೋರು ನೋಡಿದ್ರ ಕೋಣಿನೇ ಮುಚ್ಚಿಸ್ತಾರ."

ಪ್ರಮಿಲಾ ಕೆಟ್ಟವರಲ್ಲ. ಭಾನುವಾರವೇ ಬಂದು, ನೋಟುಬುಕ್ಕು ಬಿಚ್ಚಿ, ಒಂದೊಂದು ಕೂಸಿನದೂ ಕೇಳಿ ಬರೆದುಕೊಂಡರು. ಯಾರಿಗೆ ಬಿಸಿ ಅನ್ನ ಆಗದು, ಯಾರಿಗೆ ಗುಡುಗಿನ ಭಯ, ಖಾಸೀಂಬಿ ಎಲ್ಲ ಹೇಳಿದಳು. ಉಳಿದದ್ದು ನೀಲಮ್ಮನ ಪಾಳಿ.

ನೀಲಮ್ಮನಿಗೆ ಐದು ವರ್ಷ, ಕಿವಿ ಕೇಳದು. ಅಷ್ಟೇ ಆಗಿದ್ದರೆ ಹೇಳಬಹುದಿತ್ತು. ಮೂರು ವರ್ಷದ ಹಿಂದೆ ಕೂಸು ಮೊದಲ ಸಲ ಮೂರ್ಛೆ ಬಿದ್ದ ದಿನ ಅದರ ತಾಯಿ ಕಾಶಿಬಾಯಿ ಓಡಿ ಬಂದು ಖಾಸೀಂಬಿಯ ಕಾಲು ಹಿಡಿದಿದ್ದಳು. "ಹಿರೀ ಮಗಳಿಗೆ ಅಫಜಲಪುರದಾಗ ಹುಡುಗನ್ನ ನೋಡಾಕತ್ತೇವಿ, ಅಕ್ಕಾ. ಮೂರ್ಛೆ ಮನಿತನ ಅಂತ ಸುದ್ದಿ ಹತ್ತಿದ್ರ ಯಾರು ಮಾಡ್ಕೋತಾರ?" ಪೀರಸಾಹೇಬರ ದರ್ಗಾಕ್ಕೆ ಕರೆದೊಯ್ದು, ಹಸಿರು ಚಾದರ ಮುಟ್ಟಿಸಿ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಸಿಕೊಂಡಿದ್ದಳು. ಹಿರೀ ಮಗಳ ಮದುವೆ ಇನ್ನೂ ಕೂಡಿಬಂದಿರಲಿಲ್ಲ.

ಆಮೇಲೆ ಖಾಸೀಂಬಿ ಕೂಸಿನ ಎಡಗಾಲಿಗೊಂದು ಗೆಜ್ಜೆ ಕಟ್ಟಿದಳು. ಮೂರ್ಛೆ ಬರುವ ಮುಂಚೆ ನೀಲಮ್ಮ ಎದ್ದು, ಹೊಳೆಯುವುದರ ಕಡೆ ನಡೆಯುತ್ತಿದ್ದಳು; ಎಡಗಾಲು ಎಳೆಯುತ್ತಿತ್ತು. ಗೆಜ್ಜೆಯ ದನಿ ಆಗ ಕುಣಿಯುತ್ತಿರಲಿಲ್ಲ, ನೆಲ ಕೆರೆಯುತ್ತಿತ್ತು; ಅದು ಕೇಳಿದೊಡನೆ ಖಾಸೀಂಬಿ ಓಡಿ ಹಿಡಿಯುತ್ತಿದ್ದಳು. ಕೋಣೆಯ ಹಿತ್ತಲ ಬಾಗಿಲಾಚೆ ಮೆಟ್ಟಿಲ ಬಾವಿ. ಮಧ್ಯಾಹ್ನದ ಬಿಸಿಲಿಗೆ ಅದರ ನೀರು ಹಿತ್ತಾಳೆ ತಟ್ಟೆಯಂತೆ ಹೊಳೆಯುತ್ತಿತ್ತು.

"ನೀಲಮ್ಮಗ ಕಿವಿ ಕೇಳಂಗಿಲ್ರಿ, ಬಾಯಾರ. ಗೆಜ್ಜಿ ಮಾತ್ರ ಬಿಚ್ಚಬ್ಯಾಡ್ರಿ."

"ಯಾಕ್ರಿ?"

"ದೇವರ ಹರಕೀದು."

ಆಣೆ ಉಳಿಸಲು ಹೇಳಿದ ಸುಳ್ಳು. ಪ್ರಮಿಲಾ ಅದನ್ನೂ ಬರೆದುಕೊಂಡರು.

ಸೋಮವಾರ ಖಾಸೀಂಬಿ ಎದುರಿನ ಬೇವಿನ ಗಿಡದ ಕೆಳಗೆ ಮೊರ ಹಿಡಿದು ಕೂತಳು. ಕೈ ತೊಗರಿ ಆರಿಸುತ್ತಿತ್ತು, ಕಿವಿ ಒಳಗಿತ್ತು. ಅಂದು ಗೆಜ್ಜೆ ಕೇಳಿತು. ಮಂಗಳವಾರವೂ ಕೇಳಿತು. ಬುಧವಾರ ಮಧ್ಯಾಹ್ನ ಕೇಳಲಿಲ್ಲ. ಕೂಸು ಮಲಗಿರಬೇಕು ಅಂದುಕೊಂಡಳು. ಎದೆ ಒಪ್ಪಲಿಲ್ಲ. ಬಾಗಿಲ ತನಕ ಬಂದು, ಹೊಸ್ತಿಲ ಈಚೆ ನಿಂತು ಇಣುಕಿದಳು.

ಗೆಜ್ಜೆ ಗೋಡೆಯ ಮೇಲಿತ್ತು. ಕಿವಿ ಕೇಳದ ಕೂಸಿಗೆ ದನಕ್ಕೆ ಕಟ್ಟಿದಂತೆ ಗೆಜ್ಜೆ ಕಟ್ಟಬಾರದೆಂದು ಪ್ರಮಿಲಾ ಬಿಚ್ಚಿದ್ದರು. ಹರಕೆಯದಲ್ಲವೇ ಎಂದು, ದೇವರ ಫೋಟೋದ ಮೊಳೆಗೆ ಭಕ್ತಿಯಿಂದ ತೂಗುಹಾಕಿದ್ದರು. ಅವರು ಬೆನ್ನು ತಿರುಗಿಸಿ ಇನ್ನೊಂದು ಕೂಸಿಗೆ ಉಣ್ಣಿಸುತ್ತಿದ್ದರು. ಹಿತ್ತಲ ಬಾಗಿಲು ತೆರೆದಿತ್ತು. ಆಣೆಯೂ ಕಾಯ್ದೆಯೂ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಖಾಸೀಂಬಿ ಹೊಸ್ತಿಲು ದಾಟಿ ಕೋಣೆಯೊಳಗಿಂದಲೇ ಓಡಿದಳು.

ನೀಲಮ್ಮ ನಾಲ್ಕನೇ ಮೆಟ್ಟಿಲ ಮೇಲಿದ್ದಳು. ಕಣ್ಣು ಬಾವಿಯ ನೀರಿನ ಮೇಲೆ, ಎಡಗಾಲು ಸದ್ದಿಲ್ಲದೆ ಎಳೆಯುತ್ತಿತ್ತು. ಲಂಗದ ಅಂಚು ಕೈಗೆ ಸಿಕ್ಕಿತು. ಮರುಗಳಿಗೆ ಕೂಸು ಅವಳ ತೊಡೆಯ ಮೇಲೆ ಸೆಟೆದು ನಡುಗಿತು.

"ಇದು ಎಂದಿನಿಂದ್ರಿ?" ಹಿಂದೆಯೇ ಓಡಿ ಬಂದ ಪ್ರಮಿಲಾ ಕೇಳಿದರು. "ಖರೇ ಹೇಳ್ರಿ. ನಾ ಬರೀಲೇಬೇಕು."

ಕೂಸನ್ನು ಒಯ್ಯಲು ಬಂದ ಕಾಶಿಬಾಯಿ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. ಬ್ಯಾಡ ಎಂದು ಎರಡೂ ಕೈ ಮುಗಿದಿದ್ದಳು.

ಖಾಸೀಂಬಿ ಆ ಕೈಗಳನ್ನು ನೋಡಿದಳು, ನೀರನ್ನೂ ನೋಡಿದಳು. "ಪೀರಸಾಹೇಬಾ, ಮಾಫ್ ಮಾಡು," ಅಂದಳು. "ಮೂರ್ಛೆರಿ. ಮೂರು ವರ್ಷದಿಂದ."

ಕಾಶಿಬಾಯಿ ಕೂಸನ್ನು ಕಿತ್ತುಕೊಂಡು ಹೋದಳು. ಬೈಯಲಿಲ್ಲ. ಬೈದಿದ್ದರೆ ಖಾಸೀಂಬಿಗೆ ಇಷ್ಟು ಅಂಜಿಕೆ ಆಗುತ್ತಿರಲಿಲ್ಲ.

ಮರುದಿನ ನೀಲಮ್ಮ ಬರಲಿಲ್ಲ. ಪ್ರಮಿಲಾ ಹಿತ್ತಲ ಬಾಗಿಲಿಗೆ ಅಗಳಿ ಹಾಕಿಸಿ, ಮೊಳೆಯಿಂದ ಗೆಜ್ಜೆ ತೆಗೆದು ತಾವೇ ಖಾಸೀಂಬಿಯ ಕೈಗಿಟ್ಟರು. "ನನ್ನ ಪುಸ್ತಕದಾಗ ಇದು ಇರಲಿಲ್ರಿ," ಅಂದರು.

"ನಾ ಹೇಳಿದ್ರ ಇರ್ತಿತ್ರಿ, ಬಾಯಾರ."

ಕಾಶಿಬಾಯಿಯ ಮನೆ ಹಳ್ಳದ ದಂಡೆಗೆ. ಖಾಸೀಂಬಿ ಹೋದಾಗ ಬಾಗಿಲು ಮುಚ್ಚಿತ್ತು. ಕರೆದರೂ ತೆರೆಯಲಿಲ್ಲ. ಇರುಳು ಮೇಲೆಲ್ಲೋ ಮಳೆಯಾಗಿ ಹಳ್ಳ ಕೆಂಪಗೆ ಏರುತ್ತಿತ್ತು. ಮೋಡ ಸರಿದು ಬಿಸಿಲು ಬಿದ್ದಾಗ ಅದೂ ಹೊಳೆಯಿತು. ಖಾಸೀಂಬಿ ಬಾಗಿಲಿಗೆ ಮುಖ ಮಾಡಿ, ನೀರಿಗೆ ಬೆನ್ನು ಕೊಟ್ಟು, ದಂಡೆಯ ಕಲ್ಲಿನ ಮೇಲೆ ಕೂತಳು. ಗೆಜ್ಜೆ ಮುಷ್ಟಿಯೊಳಗಿತ್ತು. ಒಳಗೆ ಆ ಪಾದ ಎತ್ತ ನಡೆಯುತ್ತಿದೆಯೋ, ಇನ್ನು ಕೇಳುವಂತಿರಲಿಲ್ಲ.