ಮೊಳೆಗೆ ನೇತುಹಾಕಿದ ಮೌಸ್

ಕಾಕ್ಸ್‌ಟೌನಿನ ಆ ಹೆಂಚಿನ ಮನೆ ಈಗಿಲ್ಲ, ಅಲ್ಲಿ ಫ್ಲಾಟುಗಳೆದ್ದಿವೆ. 2004ರಲ್ಲಿ ಅದರ ಮುಂದಿನ ಕೋಣೆಯಲ್ಲಿ ನಾವು ನಾಲ್ವರು ವೆಬ್‌ಸೈಟ್ ಮಾಡುತ್ತಿದ್ದೆವು. ಪಕ್ಕದ ಬೇಕರಿಯ ಬನ್ನಿನ ವಾಸನೆಗೆ ಊಟದ ಹೊತ್ತಿಗಿಂತ ಮೊದಲೇ ಹಸಿವಾಗುತ್ತಿತ್ತು.

ಆ ಬೇಕರಿಗೇ ಒಂದು ಸೈಟ್ ಮಾಡುತ್ತಿದ್ದೆವು, ಜನ ಮನೆಯಲ್ಲೇ ಕೂತು ಕೇಕ್ ತರಿಸಿಕೊಳ್ಳಲೆಂದು. ವಿನ್ಯಾಸ ಜಗನ್‌ನದು, ಬರಹ ನನ್ನದು, ಪರೀಕ್ಷಿಸುವವಳು ಉಮ್ಮೆ ಕುಲ್ಸುಂ. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲಿದ್ದದ್ದನ್ನು ಕಂಪ್ಯೂಟರ್ ಓದಿ ಹೇಳುತ್ತಿತ್ತು, ಅವಳು ಕೀಬೋರ್ಡಿನಲ್ಲೇ ಎಲ್ಲ ಮಾಡುತ್ತಿದ್ದಳು. ಮಾಲೀಕರಾದ ಚಿನ್ನಪ್ಪ ಸರ್ 'ಒಂದು ತಿಂಗಳು ನೋಡೋಣ' ಎಂದು ಅವಳನ್ನು ಸೇರಿಸಿಕೊಂಡು, ಬಾಗಿಲ ಬಳಿ ಮೇಜು ಹಾಕಿಸಿದ್ದರು. ತಿಂಗಳು ಮುಗಿಯುತ್ತಿತ್ತು. ಅವಳನ್ನು ಕಳಿಸಿಬಿಟ್ಟರೆ ಎಂದು ನನಗೆ ಒಳಗೊಳಗೇ ದಿಗಿಲು.

ಸೈಟನ್ನು ಜನರ ಬಳಕೆಗೆ ಬಿಡಬೇಕಿದ್ದ ಶುಕ್ರವಾರ ಅವಳು, "ಆಗಲ್ಲ ಸರ್," ಎಂದಳು. "ಕೇಕ್ ಸಿಗತ್ತೆ, ಆರ್ಡರ್ ಬಟನ್ ಸಿಗಲ್ಲ. ಕೇಕ್ ಮುಂದೆ ಬಾಯ್ ಬಿಟ್ಕೊಂಡು ನಿಂತಿರ್ಬೇಕಷ್ಟೆ."

"ಅಷ್ಟು ದೊಡ್ಡದಾಗಿ ಪಿಂಕಲ್ಲಿ ಹಾಕಿದೀನಲ್ಲ ತಾಯಿ!" ಎಂದ ಜಗನ್.

"ಅರೆ, ಪಿಂಕ್ ಮಾತಾಡಲ್ಲ."

ನಾನು ಚಿನ್ನಪ್ಪ ಸರ್ ಮುಖವನ್ನೇ ನೋಡುತ್ತಿದ್ದೆ. "ಈಗ ಬಿಟ್ಬಿಡೋಣ ಕಣಮ್ಮ. ನಿಮ್ಮಂಥೋರಿಗೆ ಆಮೇಲೆ ಮಾಡ್ಕೊಡೋಣ," ಎಂದರು ಮೃದುವಾಗಿ.

ಅವಳು ಎದ್ದು ಬಂದಳು. ಜಗನ್‌ನ ಮೇಜು ತಡವಿ ಮೌಸಿನ ವೈರು ಕಿತ್ತು ನನ್ನತ್ತ ಚಾಚಿದಳು. "ಸುಕನ್ಯ, ಇದನ್ನ ಎಲ್ಲಾದ್ರೂ ನೇತ್ಹಾಕು. ಇವನ ಕೈಗೆ ಸಿಗ್ಬಾರ್ದು."

ಸರ್ ನೋಡುತ್ತಿದ್ದರು. ನಾನು ಗೋಡೆಯ ಕ್ಯಾಲೆಂಡರ್ ತೆಗೆದು, ಆ ಮೊಳೆಗೆ ಮೌಸ್ ನೇತುಹಾಕಿದೆ.

"ಈಗ ಒಂದು ಪ್ಲಮ್ ಕೇಕ್ ತರಿಸು, ನೋಡಣ," ಎಂದಳು ಜಗನ್‌ಗೆ.

ಮೌಸ್ ಇಲ್ಲದೆ ಪುಟದಲ್ಲಿ ಒಂದೊಂದೇ ಹೆಜ್ಜೆ ಮುಂದೆ ಹೋಗಲು ಜಗನ್ ಟ್ಯಾಬ್ ಕೀ ಒತ್ತುತ್ತಲೇ ಹೋದ. ಅದು ಬಟನ್ನನ್ನು ದಾಟಿ ಮತ್ತೆ ಪುಟದ ಮೇಲಕ್ಕೇ ಹೋಗುತ್ತಿತ್ತು. "ಇದೇನ್ ಗುರು!" ಎಂದು ತಲೆ ಕೆರೆದುಕೊಂಡ. ಸರ್ ಅವನನ್ನು ಎಬ್ಬಿಸಿ ತಾವೇ ಕೂತರು. ಅವರಿಗೂ ಕೇಕ್ ದಕ್ಕಲಿಲ್ಲ.

ನನಗೆ ನಗು ಬಂತು.

"ನೀನು ನಗ್ಬೇಡ," ಎಂದಳು ಉಮ್ಮೆ ಕುಲ್ಸುಂ. "ಫೋಟೋ ಕೆಳಗೆ 'ಮನಮೋಹಕ ಕೇಕ್' ಅಂತ ಬರ್ದಿದೀಯ. ಅದ್ರಲ್ಲಿ ಮೊಟ್ಟೆ ಇದ್ಯಾ, ಇಲ್ವಾ?"

ಸರ್ ಬೇಕರಿಗೆ ಫೋನ್ ಮಾಡಿ ಇನ್ನೊಂದು ವಾರ ಸಮಯ ಕೇಳಿದರು.

ಸೋಮವಾರ ಗೋಡೆಯಲ್ಲಿ ಇನ್ನೆರಡು ಮೊಳೆಗಳಿದ್ದವು. ಅವಳ ಮೇಜು ನಮ್ಮ ನಡುವೆ ಬಂದಿತ್ತು.

"ಯಾರ್ರೀ ಇದನ್ನ ಇಲ್ಲಿ ತಂದಿಟ್ಟೋರು? ಮೊಣಕಾಲು ಹೋಯ್ತು!" ಎಂದಳು ಉಮ್ಮೆ ಕುಲ್ಸುಂ ಒಳಬಂದವಳೇ.

"ನಾನೇ ಕಣಮ್ಮ," ಎಂದರು ಸರ್. "ನಿನ್ನ ಕೇಳ್ಬೇಕಿತ್ತು."

ಆಮೇಲೆ ಪ್ರತಿ ಶುಕ್ರವಾರ ಮೌಸುಗಳೆಲ್ಲ ಮೊಳೆಗೆ. ತಾನು ಮಾಡಿದ ಪುಟದಲ್ಲಿ ತಾನೇ ಸಿಕ್ಕಿಕೊಂಡವರು ಎಲ್ಲರಿಗೂ ಪಫ್ಸ್ ತರಿಸಬೇಕು. ಮೊದಮೊದಲು ಜಗನ್, ಆಮೇಲೆ ಹೆಚ್ಚಾಗಿ ನಾನು. ಆ ಪಫ್ಸಿನ ಪುಡಿ ನಮ್ಮ ಕೀಬೋರ್ಡುಗಳ ಸಂದಿಯಲ್ಲೆಲ್ಲ ಇರುತ್ತಿತ್ತು.