ಅಗತ್ಯ ಸಾಬೀತಾಗಿಲ್ಲ

"ಕಳ್ಳಮುಂಡೇರಾ, ಈ ಹಾಸುಗಳನ್ನ ಎಲ್ಲಿಂದ ಎತ್ಕೊಂಡು ಬಂದ್ರೇ?"

ಆರೋಗ್ಯ ಇಲಾಖೆಯ ಸಾಹೇಬ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕೇಳಿದ. ಪೆನ್ನಿನ ತುದಿಯಿಂದ ಮಂಚದ ಮೇಲಿನ ಹಾಸನ್ನು ಎತ್ತಿ ತೋರಿಸಿದ. ಅದರ ಮೂಲೆಯಲ್ಲಿ ದೊಡ್ಡಾಸ್ಪತ್ರೆಯ ನೀಲಿ ಮುದ್ರೆ ಇತ್ತು.

ನಾವು ಆ ಖಾಸಗಿ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರು. ಹರಿದುಹೋದ ಹಾಸುಗಳನ್ನು ನೆಲ ಒರೆಸಿಕೊಳ್ಳಿ ಎಂದು ಅವರೇ ನಮ್ಮತ್ತ ಬಿಸಾಡುತ್ತಾರೆ. ಸಾಹೇಬ ನಮ್ಮ ಹೆರಿಗೆ ಕೋಣೆಯ ಪರೀಕ್ಷೆಗೆ ಬರುತ್ತಾನೆಂದು ಅವುಗಳಲ್ಲೇ ಗಟ್ಟಿ ಇದ್ದವನ್ನು ಆರಿಸಿ, ತೇಪೆ ಹಚ್ಚಿ, ಕುದಿಸಿ, ಇಸ್ತ್ರಿ ಮಾಡಿ ಹಾಸಿದ್ದೆವು. ಮುದ್ರೆ ಎದ್ದು ಕಾಣುವಂತೆ ಮಡಚಿದವಳು ನಾನೇ. ಹಾಗೆ ಮಡಚದಿದ್ದರೆ ಆಸ್ಪತ್ರೆಯ ಮೇಲ್ವಿಚಾರಕಿ ಇಡೀ ಗಂಟನ್ನೇ ಮುಖಕ್ಕೆ ಎಸೆಯುತ್ತಾಳೆ. ಕೈಗೆ ಅದೇ ರೂಢಿಯಾಗಿಬಿಟ್ಟಿದೆ, ಹಾಳಾದ್ದು.

"ಕದ್ದಿಲ್ಲ ಸಾಮಿ, ಅವರೇ ಬಿಸಾಕಿದ್ದು."

"ಬಾಯ್ಮುಚ್ಚೇ. ಆಸ್ಪತ್ರೆ ಅಂದ್ರೆ ಏನಂದ್ಕೊಂಡಿದೀರ? ಹೊಸದು ತೆಗೀಬೇಕಂದ್ರೆ ಸರ್ಕಾರ ಒಪ್ಪಬೇಕು. ಈ ಜಾಗಕ್ಕೆ ಅದರ ಅಗತ್ಯ ಇದೆ ಅಂತ ಸಾಬೀತಾಗಬೇಕು. ವಿಚಾರಣೆಗೆ ಬನ್ನಿ. ನಾತ ಹೊಡೀದಂಗೆ ಮಿಂದು ಬನ್ನಿ."

ಅದು ಸೋಪಿನ ಮೂಟೆ ಇಡುತ್ತಿದ್ದ ಕೋಣೆ. ಸುಣ್ಣ ಬಳಿದು, ಒಂದು ಮಂಚ ಹಾಕಿ, ಹೆರಿಗೆ ಕೋಣೆ ಮಾಡಿದ್ದೆವು. ಸರ್ಕಾರಿ ಕೆಲಸದಿಂದ ನಿವೃತ್ತಳಾದ ನರ್ಸಮ್ಮ ನೋಡಿಕೊಳ್ಳುತ್ತೇನೆ ಎಂದಿದ್ದಳು. ಸರ್ಕಾರಿ ಆಸ್ಪತ್ರೆಗೆ ಅರ್ಧ ದಿನದ ದಾರಿ. ದೊಡ್ಡಾಸ್ಪತ್ರೆ ಕೂಗಳತೆಯಲ್ಲೇ ಇದೆ, ಆದರೆ ನನ್ನ ಅಕ್ಕ ಹೆರಿಗೆ ನೋವು ತಿನ್ನುತ್ತ ಅದರ ಗೇಟಿನ ಮುಂದೆಯೇ ಸತ್ತಳು. ಆಗ ಕೈಕೂಸಿನಂತೆ ನನ್ನ ಕೊರಳಿಗೆ ಜೋತುಬಿದ್ದ ಅವಳ ಹಿರಿಮಗಳಿಗೆ ಈಗ ದಿನ ತುಂಬಿದೆ. ಕೋಣೆ ಬೇಕಾಗಿದ್ದು ಅದಕ್ಕೆ.

ವಿಚಾರಣೆಯಲ್ಲಿ ದೊಡ್ಡಾಸ್ಪತ್ರೆಯ ಯಜಮಾನ ಡಾಕ್ಟರು ಸಾಹೇಬನ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ನಮ್ಮನ್ನು ಬಾಗಿಲ ಬಳಿ ನಿಲ್ಲಿಸಿದ್ದರು.

"ನಮ್ಮಲ್ಲೇ ಅರ್ಧಕ್ಕರ್ಧ ಬೆಡ್ ಖಾಲಿ ಬಿದ್ದಿವೆ," ಎಂದರು ಡಾಕ್ಟರು. "ಮಗ್ಗುಲಲ್ಲೇ ಇನ್ನೊಂದು ಯಾಕ್ರೀ ಬೇಕು?"

"ನಮ್ಮಕ್ಕ ನಿಮ್ಮ ಗೇಟಲ್ಲೇ ಸತ್ಲು ಡಾಕ್ಟ್ರೇ. ಮುಂಗಡ ಕಟ್ಟಿಲ್ಲ ಅಂತ ಒಳಕ್ಕೇ ಬಿಡ್ಲಿಲ್ಲ."

ಡಾಕ್ಟರು ಬಿಸ್ಕತ್ತು ಅದ್ದಿಕೊಂಡರು. ಸಾಹೇಬನೇ ಕೇಳಿದ.

"ಒಳಗೆ ದಾಖಲಾಗಿದ್ಲಾ?"

"ಬಿಡ್ಲೇ ಇಲ್ಲ ಅಂತಿದೀನಲ್ಲ ಸಾಮಿ."

"ಹಾಗಾದ್ರೆ ಅವಳು ರೋಗಿನೇ ಅಲ್ಲ. ಬೀದೀಲಿ ಸತ್ತೋರನ್ನೆಲ್ಲ ಲೆಕ್ಕಕ್ಕೆ ಹಿಡಿಯೋಕಾಗಲ್ಲ. ಅಗತ್ಯ ಸಾಬೀತಾಗಿಲ್ಲ. ನಡೀರಿ."

ಆ ಆಸ್ಪತ್ರೆಯ ರಕ್ತ, ಕೀವು, ಹೇಲು ಎಲ್ಲವನ್ನೂ ಈ ಕೈಯಲ್ಲಿ ತಿಕ್ಕಿದ್ದೇನೆ. ಎಂದೂ ವಾಕರಿಕೆ ಬಂದವಳಲ್ಲ. ಆ ಬಿಸ್ಕತ್ತು ತಿನ್ನುವ ಬಾಯಿ ನೋಡಿ ಬಂತು.

ಮರುದಿನ ಸಾಹೇಬ ಜವಾನನ ಕೈಯಲ್ಲಿ ಬೀಗ, ಅರಗು ಹಿಡಿಸಿಕೊಂಡು ಜೀಪಿನಲ್ಲಿ ಬಂದ. ಕೋಣೆಯೊಳಗೆ ಅಕ್ಕನ ಮಗಳಿಗೆ ಬೆಳಗಿನಿಂದ ನೋವು ಶುರುವಾಗಿತ್ತು.

"ಹೆರಿಗೆ ಆಗ್ಲಿ ಸಾಹೇಬ್ರೇ, ಆಮೇಲೆ ಬೀಗ ಜಡೀರಿ," ಎಂದಳು ನರ್ಸಮ್ಮ.

"ಹೆರಿಗೆಗೆ ಕೈ ಹಾಕಿದ್ರೆ ನಿನ್ನನ್ನೇ ಒಳಗೆ ಹಾಕಿಸ್ತೀನಿ ಮುದುಕಿ. ದೊಡ್ಡಾಸ್ಪತ್ರೇಲಿ ಬೆಡ್ ಖಾಲಿ ಇದೆಯಲ್ಲ, ಅಲ್ಲಿಗೆ ಹೊತ್ಕೊಂಡೋಗಿ."

ಅವಳನ್ನು ಎತ್ತಿ ಹೊರಗೆ ತಂದೆವು. ಬೀಗ ಬಿತ್ತು. ನಾವು ನೇರವಾಗಿ ಅವನ ಜೀಪಿನ ಹಿಂದಿನ ಸೀಟಿನಲ್ಲೇ ಅವಳನ್ನು ಮಲಗಿಸಿದೆವು.

"ಏಯ್, ಸರ್ಕಾರಿ ಗಾಡಿ ಕಣೇ ಅದು! ಗಲೀಜಾಗುತ್ತೆ!"

"ಆದ್ರೆ ಒಗೀತೀವಿ. ನಿಮ್ಮ ಗಲೀಜು ಒಗೆಯೋದೇ ತಾನೇ ನಮ್ಮ ಕಸುಬು? ಹತ್ತಿ, ನಿಮ್ಮ ಮಾತೇ ಆಗ್ಲಿ, ದೊಡ್ಡಾಸ್ಪತ್ರೆಗೇ ಹೋಗೋಣ."

ಡ್ರೈವರ್ ಸಾಹೇಬನ ಮುಖವನ್ನೂ ನೋಡದೆ ಗಾಡಿ ಚಾಲು ಮಾಡಿದ. ಗಾಡಿಯನ್ನು ನಮ್ಮ ಕೈಗೆ ಬಿಡಲಾರದೆ ಸಾಹೇಬನೂ ಹತ್ತಿದ. ಉಳಿದ ಹೆಂಗಸರು ಒದ್ದೆ ಕೈಯಲ್ಲೇ ಹಿಂದೆ ಓಡಿಬಂದರು.

ಸರ್ಕಾರಿ ಜೀಪಿಗೆ ದೊಡ್ಡಾಸ್ಪತ್ರೆಯ ಗೇಟು ತಾನಾಗಿ ತೆರೆಯಿತು. ಕೌಂಟರಿನ ಹುಡುಗಿ ಮೊದಲು ನೋಡಿದ್ದು ನಮ್ಮ ಬರಿಗಾಲುಗಳನ್ನು.

"ಬೆಡ್ ಖಾಲಿ ಇಲ್ಲಮ್ಮ. ಸರ್ಕಾರಿ ಆಸ್ಪತ್ರೆಗೆ ಹೋಗಿ."

ಸಾಹೇಬ ಆಗಲೇ ಬಾಗಿಲ ಕಡೆ ಜಾರುತ್ತಿದ್ದ. ನಾನು ಅವನ ಮಣಿಕಟ್ಟು ಹಿಡಿದು ಎಳೆದು ತಂದೆ. ಬಟ್ಟೆ ಹಿಂಡಿ ಹಿಂಡಿ ಗಟ್ಟಿಯಾದ ಕೈ ಇದು.

"ಇವರಿಗೂ ಒಂಚೂರು ಹೇಳವ್ವ."

ಅವನು ಯಾರೆಂದು ಆ ಹುಡುಗಿಗೆ ಗೊತ್ತಿರಲಿಲ್ಲ. "ಯಾರು ಬಂದ್ರೂ ಅಷ್ಟೇ ಸರ್. ಮುಂಗಡ ಕಟ್ಟಿದ್ರೆ ಬೆಡ್ಡು."

"ಕೈ ಬಿಡೇ, ಲೌಡಿ!"

"ಬಿಡಲ್ಲ ಕಣೋ. ಅಗತ್ಯ ಬೇಕಾಗಿತ್ತಲ್ಲ ನಿಂಗೆ? ನೋಡು."

ಅಕ್ಕನ ಮಗಳು ಆ ಹೊಳೆಯುವ ನೆಲದ ಮೇಲೆ ಕುಸಿದಳು. ನರ್ಸಮ್ಮ ರವಿಕೆಯ ತೋಳು ಮೇಲೇರಿಸಿ ಮಂಡಿಯೂರಿದಳು. ಓಡಿಬಂದ ಹೆಂಗಸರು ಸುತ್ತ ಬೆನ್ನು ತಿರುಗಿಸಿ ಒತ್ತಾಗಿ ನಿಂತರು. ಸಾಹೇಬನನ್ನು ನಾನು ಅವಳ ತಲೆಯ ಬಳಿ ಕೂರಿಸಿದೆ. ನೋವಿನಲ್ಲಿ ಅವಳು ಅವನ ಇನ್ನೊಂದು ಕೈಯನ್ನು ಕಚ್ಚಿ ಹಿಡಿದಳು. ಅವನು ಅಮ್ಮಾ ಎಂದು ಕಿರುಚಿದ.

"ನೆತ್ತಿ ಕಾಣ್ತಿದೆ, ಜೋರಾಗಿ ತಿಣುಕು ಮಗಳೇ," ಎಂದಳು ನರ್ಸಮ್ಮ.

ಕೌಂಟರಿನ ಹುಡುಗಿ ನೆಲ ಒರೆಸುವವಳನ್ನು ಕರೆಯಲು ಗಂಟೆ ಒತ್ತುತ್ತಲೇ ಇದ್ದಳು. ಬಕೆಟ್ ಹಿಡಿದು ಬಂದವಳು ನಮ್ಮ ಓಣಿಯವಳೇ. ಒಂದು ಗಳಿಗೆ ನೋಡಿದಳು. ಬಕೆಟನ್ನು ಕೆಳಗಿಟ್ಟು, ಅವಳೂ ನಮ್ಮ ಸಾಲಿನಲ್ಲಿ ಬೆನ್ನು ತಿರುಗಿಸಿ ನಿಂತಳು.