ಸಾಸಿವೆ ಗಂಟು

ಅನ್ನವ್ವನ ಹೊಸ ಎದೆಗೆ ಮೊದಲು ಕೊಕ್ಕು ಹಾಕಿದ್ದು ಮೌಲಾಬಿಯ ಹುಂಜ.

ಯರಗುಪ್ಪಿಯಲ್ಲಿ ಕುಬಸ ಹೊಲಿಯುವ ಮೌಲಾಬಿಯೇ ಆ ಎದೆಯನ್ನೂ ಹೊಲಿದವಳು. ಕ್ಯಾನ್ಸರ್ ಬಂದು ಅನ್ನವ್ವನ ಎಡಗಡೆಯದನ್ನು ಹುಬ್ಬಳ್ಳಿಯಲ್ಲಿ ತೆಗೆದಿದ್ದರು. ಉಪಚಾರವೆಲ್ಲ ಮುಗಿದು, ಕೂದಲು ಮತ್ತೆ ಬಂದು, ಹೊಟ್ಟೆಗೆ ರೊಟ್ಟಿ ಸೇರತೊಡಗಿದ ಮೇಲೂ ಅವಳು ಮಠದ ಭಜನೆಗೆ ಹೋಗಿರಲಿಲ್ಲ. ಶಿವ ಕೊಟ್ಟ ದನಿ ಇದ್ದಲ್ಲೇ ಇತ್ತು. ಆದರೆ ಮುಂದೆ ಕೂತು ಹಾಡುವಾಗ ಮಂದಿ ಪದ ಕೇಳುವುದು ಬಿಟ್ಟು ಎದೆ ನೋಡಿದರೆ? ಅದೊಂದೇ ಅಂಜಿಕೆ.

ಹೀಗಾಗಿ ಗೆಳತಿಯರಿಬ್ಬರೂ ಸಂಶೋಧನೆಗೆ ಇಳಿದರು. ಮೊದಲು ಅರಳೆ ತುಂಬಿದರು. ಕೈ ಎತ್ತಿದಾಗಲೆಲ್ಲ ಅದು ಹೆಗಲ ಕಡೆ ಹತ್ತುತ್ತಿತ್ತು. ಆಮೇಲೆ ಜೋಳ. ತೂಕವೇನೋ ಸರಿ ಬಂತು. ಬೆವರಿಗೆ ಒದ್ದೆಯಾಯಿತೆಂದು ಕಟ್ಟೆಯ ಮೇಲೆ ಒಣಗಲು ಇಟ್ಟರೆ ಹುಂಜ ಬಂತು.

“ಅನ್ನವ್ವಾ, ಓಡಿ ಬಾರಬೇ! ನಿನ್ನ ಎದಿ ತಿನ್ನಾಕತ್ತೈತಿ!”

“ಸುಮ್ನಿರಬೇ, ಓಣಿಗೆಲ್ಲಾ ಡಂಗುರಾ ಹೊಡೀತಿಯೇನು!”

“ಶರಣರ ಮನಿ ಎದಿ ತಿಂದೈತಿ. ಇನ್ನ ಇದನ್ನ ಕೊಯ್ಯಾಕ ನನಗ ಮನಸ್ಸಾಗೂದಿಲ್ಲ ನೋಡು.”

“ಹಂಗಾರ ಸೋಮವಾರ ಅದಕ್ಕೂ ಉಪವಾಸ ಮಾಡಸು,” ಎಂದಳು ಅನ್ನವ್ವ.

ಕೊನೆಗೆ ಸಾಸಿವೆ. ಅದು ನುಣ್ಣಗೆ ಜರುಗಿ ತನ್ನ ಜಾಗ ತಾನೇ ಹಿಡಿಯಿತು. ಅನ್ನವ್ವ ಧೈರ್ಯ ಮಾಡಿದಳು.

ಆ ಸೋಮವಾರದ ಭಜನೆಗೆ ಒಂದು ಕಾರಣವೂ ಇತ್ತು. ಊರ ಹೆಣ್ಣುಮಕ್ಕಳನ್ನು ಎದೆಯ ತಪಾಸಣೆಗೆ ಹುಬ್ಬಳ್ಳಿಗೆ ಕರೆದೊಯ್ಯಲು ಟೆಂಪೋ ಬೇಕಿತ್ತು. ಬಾಡಿಗೆಗೆಂದು ಮನೆಮನೆಯವರು ಕಾಳಿನ ಗಂಟು ತಂದು ಬುಟ್ಟಿಗೆ ಹಾಕುತ್ತಿದ್ದರು. ಮೈಕು ಸಿಕ್ಕರೆ ಬಿಡದ ಹಿರಿಯ ಕುಬೇರಪ್ಪನವರು ಒಂದೊಂದು ಗಂಟಿಗೂ ಹೆಸರು ಕೂಗುತ್ತಿದ್ದರು.

ಅನ್ನವ್ವ ಶಿವನನ್ನು ನೆನೆದು ಪದ ಎತ್ತಿದಳು. ಎರಡನೆಯ ನುಡಿಗೆ ದನಿ ಏರಿತು, ತಾಳ ಹಿಡಿದ ಕೈಗಳೂ ಏರಿದವು. ಕುಬಸದ ಹುಕ್ಕು ಕಿತ್ತು, ಸೆರಗಿನ ಅಡಿಯಿಂದ ಸಾಸಿವೆ ಗಂಟು ಜಾರಿ, ಮುಂದಿದ್ದ ಬುಟ್ಟಿಯೊಳಗೆ ಹೋಗಿ ಕೂತಿತು. ತಾಳ ನಿಂತಿತು.

ಕುಬೇರಪ್ಪ ಅದನ್ನು ಎತ್ತಿ ಒತ್ತಿ ನೋಡಿದರು. “ಹಾಡಿನ ನಡುವೂ ದಾನಾ ನೋಡ್ರಿ! ಅನ್ನವ್ವಾರಿಂದ ಸಾಸಿವಿ, ಒಂದು ಗಂಟು!”

ಮಂದಿ ಚಪ್ಪಾಳೆ ತಟ್ಟಿದರು. “ದುಂಡಗ ಏನ ಚೆಂದ ಹೊಲದಾರವಾ!” ಎಂದಳು ಪಕ್ಕದ ಮನೆಯ ಹನಮವ್ವ. ಮೌಲಾಬಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅನ್ನವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಅಷ್ಟರಲ್ಲಿ ಕಾಳನ್ನು ಚೀಲಕ್ಕೆ ಸುರಿಯಲೆಂದು ಕುಬೇರಪ್ಪ ಹೊಲಿಗೆಗೆ ಹಲ್ಲು ಹಚ್ಚಿದರು.

“ಕಾಕಾ, ಕಚ್ಚಬ್ಯಾಡ್ರಿ! ಅದು ನನ್ನ ಎದಿ ಐತ್ರಿ!”

ಭಜನೆಯ ಮೈಕು ಅವಳ ಬಾಯಿ ಮುಂದೆಯೇ ಇತ್ತು. ಮಾತು ಬಸ್ ಸ್ಟ್ಯಾಂಡಿನವರೆಗೂ ಹೋಯಿತು.

ಕುಬೇರಪ್ಪ ಗಂಟನ್ನು ಬಾಯಿಂದ ತೆಗೆದರು. ಎಲ್ಲಿಡಬೇಕೋ ತಿಳಿಯದೆ, ಪ್ರಸಾದ ಕೈಗೆ ಬಂದಾಗ ಮಾಡುವಂತೆ ಎರಡೂ ಕಣ್ಣಿಗೆ ಒತ್ತಿಕೊಂಡರು. “ತಪ್ಪಾತವ್ವಾ ತಂಗಿ. ನಮಗ ಇಂಥಾದ್ದೆಲ್ಲಾ ಏನ ಗೊತ್ತು?”

ಮೊದಲು ನಕ್ಕವಳು ಅನ್ನವ್ವನೇ. ಆಮೇಲೆ ಮೌಲಾಬಿ. ಆಮೇಲೆ ಇಡೀ ಮಠ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕುಬೇರಪ್ಪ ಗಂಟನ್ನು ಎರಡೂ ಕೈಯಲ್ಲಿ ಚಾಚಿದರು.

“ಬುಟ್ಟ್ಯಾಗ ಇರ್ಲಿ ತೊಗೋರಿ ಕಾಕಾ. ಪದಾ ಅರ್ಧಕ್ಕ ನಿಂತೈತಿ.”

ಎಡಗಡೆ ಚಪ್ಪಟೆಯಾಗಿಯೇ ನೆಟ್ಟಗೆ ಕೂತು, ಬಿಟ್ಟ ನುಡಿಯನ್ನು ಬಿಟ್ಟಲ್ಲಿಂದಲೇ ಎತ್ತಿದಳು. ಎಲ್ಲರೂ ನೋಡಿದರು. ನೋಡಲಿ ಎಂದು ಬಿಟ್ಟಳು. ಪದ ಶಿವನ ಹೆಸರಿಗೆ ಬಂದಾಗ ದನಿ ಮತ್ತೆ ಏರಿತು. ಮಂದಿ ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ ತಲೆದೂಗತೊಡಗಿದರು.